ಮೊದಲನೆಯ ಶತಮಾನದ ನಮ್ಮ ಕಾಕಾ

ನಮ್ಮ ಕಾಕಾ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ವಾಸವಾಗಿದ್ದರು. ವಿಳಾಸ ಮಾತ್ರ ಕೋಲ್ಕತ್ತದ ದಕ್ಷಿಣೇಶ್ವರದ್ದು!

ಉತ್ಪ್ರೇಕ್ಷೆ ಎನ್ನುತ್ತೀರಾ? ಅವರ ಮನೆಯಲ್ಲಿ ಒಂದೆರಡು ವರ್ಷ ಉಂಡು ಮಲಗಿ ಬಂದವನು ಹೇಳುತ್ತಿದ್ದೇನೆ, ಕೇಳಿ. ಅದು ಕೋಲ್ಕತ್ತದ ಕಂಪ್ಯೂಟರ್ ಕಂಪನಿಗಳ ಬಡಾವಣೆಯಾದ ಸೆಕ್ಟರ್ ಫೈವ್‌ನಲ್ಲಿ ಬೆಳಗಾದರೆ ಒಂದು ಹೊಸ ಗಾಜಿನ ಕಟ್ಟಡ ಎದ್ದು ನಿಲ್ಲುತ್ತಿದ್ದ ಕಾಲ. ಕಂಪ್ಯೂಟರ್ ಮುಂದೆ ನೆಟ್ಟಗೆ ಕೂರಬಲ್ಲವರಿಗೆಲ್ಲ ಕೆಲಸ ಸಿಗುತ್ತಿತ್ತು. ನನಗೇ ಸಿಕ್ಕಿತ್ತು ಎಂದ ಮೇಲೆ ಹೆಚ್ಚು ಹೇಳುವುದು ಬೇಡ. ಬೆಂಗಳೂರಿನ ಕಂಪನಿ ನನ್ನನ್ನು ಅಲ್ಲಿಗೆ ಒಗೆದಾಗ ಅಪ್ಪ ಹುಬ್ಬಳ್ಳಿಯಿಂದ ಫೋನ್ ಮಾಡಿ, "ಹೊಟೇಲ್ ಗಿಟೇಲ್ ಅನಬ್ಯಾಡ. ನನ್ನ ತಮ್ಮ ಇರೂದು ಯಾಕ ಮತ್ತ?" ಅಂದರು. ಅಲ್ಲಿಗೆ ನನ್ನ ದಿನಚರಿ ನಿಗದಿಯಾಯಿತು. ಹಗಲೆಲ್ಲ ಇಪ್ಪತ್ತೊಂದನೆಯ ಶತಮಾನದಲ್ಲಿ ಕೆಲಸ. ಸಂಜೆ ಆಫೀಸಿನ ಸುಮೋ ಹತ್ತಿ ಮೊದಲನೆಯ ಶತಮಾನಕ್ಕೆ ವಾಪಸು. ದಿನಾ ಇಷ್ಟು ದೂರ ಓಡಾಡಿದ ಇಂಜಿನಿಯರ್ ಭೂಮಿಯ ಮೇಲೆ ಇನ್ನೊಬ್ಬ ಇರಲಾರ!

ನಮ್ಮದು ಹುಬ್ಬಳ್ಳಿಯ ಕ್ರೈಸ್ತ ಮನೆತನ. ಕಾಕಾ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಊರೂರು ಸುತ್ತಿ, ಕೊನೆಗೆ ಕೋಲ್ಕತ್ತದಲ್ಲಿ ನಿವೃತ್ತರಾಗಿ, ದಕ್ಷಿಣೇಶ್ವರದ ಒಂದು ಹಳೆಯ ಮನೆಯ ಕೆಳ ಅಂತಸ್ತಿನಲ್ಲಿ ಹೆಂಡತಿಯ ಜೊತೆ ನೆಲೆಯೂರಿದ್ದರು. ಓಣಿಯ ಬಂಗಾಳಿ ಮಕ್ಕಳೆಲ್ಲ ಅವರನ್ನು ಬಾಯ್ತುಂಬ "ಕಾಕು, ಕಾಕು" ಎಂದು ಕೂಗುತ್ತಿದ್ದವು. ಬಂಗಾಳಿಯಲ್ಲಿ ಕಾಕು ಅಂದರೆ ಚಿಕ್ಕಪ್ಪ. ನಮ್ಮ ಹುಬ್ಬಳ್ಳಿ ಕಡೆ ಕಾಕು ಅಂದರೆ ಚಿಕ್ಕಮ್ಮ! ಬೀದಿಯಿಂದ ಯಾರಾದರೂ "ಕಾಕು!" ಅಂದರೆ ಸಾಕು, ಒಳಗಿನಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ "ಆಂ?" ಎನ್ನುತ್ತಿದ್ದರು.

ಈ ಮನುಷ್ಯ ಮೊದಲನೆಯ ಶತಮಾನಕ್ಕೆ ಹೋದದ್ದಾದರೂ ಹೇಗೆ? ಕಾಕು ಹೇಳಿದ ಪ್ರಕಾರ ಅದು ನಿವೃತ್ತಿಯಾದ ಹೊಸತರಲ್ಲಿ. ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಆದಿಸಭೆಯ ಬಗ್ಗೆ ಬೋಧಿಸಿದರಂತೆ. ಆ ಮೊದಲ ಕ್ರೈಸ್ತರು ತಮ್ಮದೆಲ್ಲವನ್ನೂ ಹಂಚಿಕೊಂಡು ಬಾಳಿದರು, ಮನೆಮನೆಯಲ್ಲಿ ಕೂಡಿ ರೊಟ್ಟಿ ಮುರಿದು ಉಂಡರು, ಅವರಲ್ಲಿ ಕೊರತೆಪಡುವವರು ಒಬ್ಬರೂ ಇರಲಿಲ್ಲ ಎಂದು. ಎಲ್ಲರೂ ತಲೆದೂಗಿದರು. ನಮ್ಮ ಕಾಕಾ ಎದ್ದು ನಿಂತರು. "ಪಾದ್ರಿ ಸಾಹೇಬ್ರ, ಅವ್ರು ಹಂಗಿದ್ರು ಅಂದ್ರಿ. ಮತ್ತ ನಾವ್ಯಾಕ ಹಿಂಗ ಅದೀವಿ?" ಎಂದು, ತಮ್ಮ ರೈಲ್ವೆ ಇಂಗ್ಲಿಷಿನಲ್ಲಿ, ಕೇಳಿಯೇಬಿಟ್ಟರು! ಪಾದ್ರಿಗಳು ಕನ್ನಡಕ ಒರೆಸಿಕೊಂಡು, "ಈಗ ಎಲ್ಲರೂ ಎದ್ದು ಹಾಡೋಣ" ಅಂದರಂತೆ.

"ಬ್ಯಾರೇ ಗಂಡಸ್ರು ರಿಟೈರ್ ಆದ ಮ್ಯಾಲೆ ಹೂವಿನ ಕುಂಡಾ ಇಡ್ತಾರ, ಇಲ್ಲಾ ಹೋಮಿಯೋಪತಿ ಕಲೀತಾರ," ಎಂದು ಕಾಕು ನನಗೆ ಮೊದಲ ದಿನವೇ ಎಚ್ಚರಿಕೆ ಕೊಟ್ಟಳು. "ನಿಮ್ಮ ಕಾಕಾ ಸೀದಾ ಎರಡು ಸಾವಿರ ವರ್ಷ ಹಿಂದಕ್ಕ ಹೋಗಿ ಕುಂತಾರ. ಅಲ್ಲಿಂದ ಕರಕೊಂಡ ಬರಾಕ ಯಾವ ಗಾಡಿನೂ ಇಲ್ಲ ತಮ್ಮಾ!"

ಅವಳ ಮಾತಿನ ಅರ್ಥ ತಿಳಿಯಲು ನನಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಕಂಪನಿಯಲ್ಲಿ ಎಲ್ಲರಿಗೂ ಎದೆಯ ಮೇಲೆ ದಪ್ಪಗೆ ಕಂಪನಿಯ ಹೆಸರು ಬರೆದ ಟೀ ಶರ್ಟ್ ಕೊಟ್ಟಿದ್ದರು. ನನಗೆ ಎರಡು ಸಿಕ್ಕಿದ್ದವು. ಒಂದು ದಿನ ಸುಮೋದಲ್ಲಿ ಹೊರಟಿದ್ದಾಗ ಜೊತೆಗಿದ್ದವನೊಬ್ಬ ಕಿಟಕಿಯಿಂದ ಕೈ ತೋರಿಸಿ, "ನಮ್ಮ ಕಂಪನಿ ಸೈಕಲ್ ರಿಕ್ಷಾ ಧಂದೆಗೂ ಇಳಿಯಿತೇ? ಯಾರೂ ಹೇಳಲೇ ಇಲ್ಲವಲ್ಲ!" ಅಂದ. ನೋಡುತ್ತೇನೆ, ನಮ್ಮ ಓಣಿಯ ರಿಕ್ಷಾದವನು ನನ್ನ ಟೀ ಶರ್ಟ್ ತೊಟ್ಟು, ಎದೆಯುಬ್ಬಿಸಿ, ಗಂಟೆ ಬಾರಿಸುತ್ತ ಹೋಗುತ್ತಿದ್ದಾನೆ! ಅವನಿಗೆ ಅದು ನನಗಿಂತ ಚೆನ್ನಾಗಿ ಒಪ್ಪಿತ್ತು ಎಂಬುದು ಬೇರೆ ಮಾತು.

ಸಂಜೆ ಜಗಳಕ್ಕೇ ನಿಂತೆ. ಕಾಕಾ ಶಾಂತವಾಗಿ, "ನಿನ್ನ ಹಂತೇಕ ಎರಡು ಇದ್ದೂವು. ಅವನ ಹಂತೇಕ ಒಂದೂ ಇರಲಿಲ್ಲ. ಕಂಪನಿಯವ್ರು ನಿನಗ ಪುಕ್ಕಟೆ ಕೊಟ್ರು, ನೀ ಅವಗ ಪುಕ್ಕಟೆ ಕೊಟ್ಟಿ. ಛಲೋ ಆತಲ್ಲ?" ಅಂದರು.

"ನಾ ಎಲ್ಲಿ ಕೊಟ್ನಿ ಕಾಕಾ? ನೀವು ಕೊಟ್ರಿ!"

"ಹೌದಪಾ. ಆದ್ರ ಆಶೀರ್ವಾದ ನಿನ್ನ ಹೆಸರಿಗೇ ಬಂತು. ನೀ ನನಗ ಥ್ಯಾಂಕ್ಸ್ ಹೇಳಬೇಕು!"

ಇಂಥವರ ಜೊತೆ ಏನು ವಾದ ಮಾಡುತ್ತೀರಿ? ಸಮಾಧಾನಕ್ಕೆಂದು ನಾನು ಮಾತು ತಿರುಗಿಸಿದೆ. ನಮ್ಮ ಆಫೀಸಿನಲ್ಲೂ ಎಲ್ಲರೂ ಹಂಚಿಕೊಂಡೇ ಬಾಳುತ್ತೇವೆ, ಶೇರ್ಡ್ ಫೋಲ್ಡರ್ ಅಂತ ಇರುತ್ತದೆ, ಎಲ್ಲರ ಕೆಲಸವನ್ನೂ ಅದರಲ್ಲೇ ಇಡುತ್ತೇವೆ ಎಂದೆ. ಕಾಕಾನ ಕಣ್ಣು ಅರಳಿದವು. "ಎಲ್ಲಾರದೂ ಒಂದ ಕಡೆ? ಯಾರು ಬೇಕಾದ್ರೂ ತಗೋಬಹುದು? ಲೇ, ಇದು ಆದಿಸಭೆನ ಅಲ್ಲೇನು!"

"ಹೂಂ ಕಾಕಾ. ಆದ್ರ ಪಾಸ್‌ವರ್ಡ್ ಇರ್ತೈತಿ."

"ಹಂಗಾದ್ರ ಕೆಡ್ತು ಬಿಡು," ಎಂದು ಕಾಕಾ ಪೇಪರಿನ ಹಿಂದೆ ಮರೆಯಾದರು.

ಭಾನುವಾರ ಸಂಜೆಯಾದರೆ ಮನೆಯಲ್ಲಿ 'ರೊಟ್ಟಿ ಮುರಿಯುವ ಕೂಟ'. ಬಂದವರಿಗೆಲ್ಲ ಊಟ. ಕ್ರೈಸ್ತರೇ ಆಗಬೇಕೆಂದಿಲ್ಲ, ಹಸಿದಿರಬೇಕು, ಅಷ್ಟೇ. ಈ ಕೂಟಕ್ಕೆ ಕಾಕಾ ಲೇಕ್ ಮಾರ್ಕೆಟ್ಟಿನ ದಕ್ಷಿಣ ಭಾರತದವರ ಅಂಗಡಿಗೆ ಹೋಗಿ ಜೋಳದ ಹಿಟ್ಟು ಹೊತ್ತು ತರುತ್ತಿದ್ದರು. ಊರಿನ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಹೋಗಿ ಹಿಟ್ಟು ತರುವ ಬದಲು ಇಲ್ಲೇ ಗೋಧಿ ಹಿಟ್ಟು ತಂದು ಚಪಾತಿ ಮಾಡಿದರೆ ಆಗದೇ ಎಂದು ನಾನೊಮ್ಮೆ ಕೇಳಿದೆ. ಕಾಕಾ ನನ್ನನ್ನು ಕನಿಕರದಿಂದ ನೋಡಿದರು. "ಚಪಾತಿ ಹರೀತೈತಿ. ಮುರೀತೈತೇನು? ಆದಿಸಭೆಯವ್ರು ಮುರಿದ್ರು ಅಂತ ಬರದೈತಿ, ಹರದ್ರು ಅಂತ ಬರದಿಲ್ಲ. ಅಂದ್ರ ಅವ್ರು ಉಂಡದ್ದು ನಮ್ಮ ಕಡಕ್ ರೊಟ್ಟಿನ!"

ಯೆರೂಸಲೇಮಿನ ಆದಿಸಭೆಗೂ ಹುಬ್ಬಳ್ಳಿಯ ಕಡಕ್ ರೊಟ್ಟಿಗೂ ಹೀಗೆ ಒಂದೇ ಮಾತಿನಲ್ಲಿ ನಂಟು ಬೆಸೆದುಬಿಟ್ಟರು! ಒಲೆಯ ಮುಂದೆ ಬೆವರು ಸುರಿಸುತ್ತಿದ್ದ ಕಾಕು ಅಲ್ಲಿಂದಲೇ, "ಆದಿಸಭೆಯಾಗ ರೊಟ್ಟಿ ಬಡೀತಿದ್ದವ್ರು ಯಾರಂತ ಬರದೈತೇನ್ರಿ?" ಎಂದು ಕೇಳಿದಳು. ಮುಂದಿನ ಭಾನುವಾರ ಕಾಕಾ ತಾವೇ ಬಡಿಯಲು ಕೂತರು. ಒಂದು ರೊಟ್ಟಿ ಒಡಿಶಾ ನಕ್ಷೆಯ ಹಾಗೆ ಬಂತು, ಇನ್ನೊಂದು ತವೆಯ ಮೇಲೇ ಮೂರು ರಾಜ್ಯವಾಯಿತು. "ಇರ್ಲಿ ಬಿಡ, ಹೆಂಗೂ ಮುರಿಯೂದ ಅಲ್ಲ?" ಅಂದರು.

ಇನ್ನು ಚೀಟಿಯ ಕಥೆ. ಆದಿಸಭೆಯವರು ಒಮ್ಮೆ ಚೀಟಿ ಹಾಕಿ ದೇವರ ಚಿತ್ತ ತಿಳಿದಿದ್ದರಂತೆ. ಕಾಕಾ ಟೀವಿ ವಿಷಯದಲ್ಲೂ ಅದನ್ನೇ ಜಾರಿಗೆ ತಂದರು. ನನ್ನ ಕ್ರಿಕೆಟ್ಟೋ ಕಾಕುವಿನ ಧಾರಾವಾಹಿಯೋ, ಚೀಟಿ ಎತ್ತಿ ತೀರ್ಮಾನ. ವಾರಗಟ್ಟಲೆ ದೇವರ ಚಿತ್ತ ಧಾರಾವಾಹಿಯ ಕಡೆಗೇ ವಾಲಿತು. ಕೊನೆಗೆ ನನಗೆ ಅನುಮಾನ ಬಂದು ಉಳಿದ ಚೀಟಿಯನ್ನೂ ಬಿಚ್ಚಿದೆ. ಅದರಲ್ಲೂ ಧಾರಾವಾಹಿ! ಚೀಟಿ ಬರೆಯುವ ಸೇವೆ ಯಾರದು ಎಂದು ನಾನು ಹೇಳಬೇಕಾಗಿಲ್ಲ.

ಇಷ್ಟರ ಮೇಲೆ ಕಾಕಾನ ಪ್ರಾರ್ಥನೆ. ಗ್ಯಾಸ್ ಸಿಲಿಂಡರ್ ಬದಲಿಸುವ ಮೊದಲು ಪ್ರಾರ್ಥನೆ, ಹೊಳೆ ದಾಟುವ ದೋಣಿ ಹತ್ತುವ ಮೊದಲು ಪ್ರಾರ್ಥನೆ, ನನ್ನ ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದರೆ ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ! ಅದೂ ಎಂಥ ಪ್ರಾರ್ಥನೆ? ಗೂಡ್ಸ್ ಗಾಡಿಯ ಗಾರ್ಡ್ ಮಾಡಿದ ಪ್ರಾರ್ಥನೆ ಗೂಡ್ಸ್ ಗಾಡಿಯಷ್ಟೇ ಉದ್ದ. ಮುಗಿಯಿತು ಎಂದು ನೀವು ಕಣ್ಣು ತೆರೆದರೆ ಇನ್ನೂ ಕಲ್ಲಿದ್ದಲಿನ ವ್ಯಾಗನ್‌ಗಳು ಬರುತ್ತಲೇ ಇರುತ್ತವೆ. ಒಮ್ಮೆ ಹೀಗೆ ಸಾರು ಆರಿ, ಪಲ್ಯ ಆರಿ, ನಾವೆಲ್ಲ ತಲೆ ತಗ್ಗಿಸಿ ಕೂತಿದ್ದಾಗ ಮೆಟ್ಟಿಲ ಕಡೆಯಿಂದ ಗಡಸು ದನಿಯೊಂದು ಬಂತು: "ದಾದಾ! ಕೊನೆಯ ಗಾರ್ಡ್ ಡಬ್ಬಿ ಬಂತೇ?"

ಅದು ಕಾಕಾನನ್ನು ದಾದಾ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದ ಮೇಲಿನ ಮನೆಯ ಘೋಷ್ ಬಾಬು. ಗಣಿತದ ನಿವೃತ್ತ ಮೇಷ್ಟ್ರು, ಮದುವೆಯನ್ನೂ ಮಾಡಿಕೊಳ್ಳದೆ ಕೆಂಪು ಬಾವುಟದ ಪಕ್ಷಕ್ಕೆ ಜೀವ ಸವೆಸಿದವರು, ಅಪ್ಪಟ ನಾಸ್ತಿಕರು. ದೇವರಿಲ್ಲ ಎಂಬುದನ್ನು ಪ್ರಮೇಯದ ಹಾಗೆ ಸಾಧಿಸಿ ತೋರಿಸಬಲ್ಲೆ ಎನ್ನುತ್ತಿದ್ದರು. ಅಂಥವರು ಭಾನುವಾರ ತಪ್ಪದೆ ಕೆಳಗಿಳಿದು ಬರುತ್ತಿದ್ದುದು ಏಕೆ? ಊಟಕ್ಕಲ್ಲ, ಕಡಕ್ ರೊಟ್ಟಿಯನ್ನು ಬೆರಳಿನಿಂದ ತಟ್ಟಿ, "ಬೌಮಾ, ಇದರ ಮೇಲೆ ಲೆಕ್ಕ ಬರೆಯಬಹುದು" ಎಂದು, ಸೊಸೆಯನ್ನು ಕರೆಯುವ ಹಾಗೆ, ಕಾಕುವಿಗೆ ಹೇಳುತ್ತಿದ್ದರು. ಅವರು ಬರುತ್ತಿದ್ದದ್ದು ವಾದಕ್ಕೆ. ಕೋಲ್ಕತ್ತದವರಿಗೆ ಒಳ್ಳೆಯ ಎದುರಾಳಿ ಸಿಕ್ಕರೆ ಊಟ ನಿದ್ದೆ ಯಾವುದೂ ಬೇಡ!

ಆದಿಸಭೆಯವರು ಎಲ್ಲವನ್ನೂ ಸಮನಾಗಿ ಹಂಚಿಕೊಂಡರು ಎಂದು ಕಾಕಾ ಹೇಳಿದ ದಿನ ಘೋಷ್ ಬಾಬು ಕುರ್ಚಿಯಿಂದ ಜಿಗಿದು ಎದ್ದರು. "ಅದು ನಮ್ಮ ಪಕ್ಷದ ಮಾತು!"

"ನಿಮ್ಮ ಪಕ್ಷ ಹುಟ್ಟುವ ಎಷ್ಟೋ ಶತಮಾನ ಮೊದಲೇ ನಮ್ಮವರು ಮಾಡಿ ತೋರಿಸಿದ್ದಾರೆ, ದಾದಾ," ಎಂದು ಕಾಕಾ ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಬೀಗಿದರು.

"ಹಾಗಾದರೆ ಯಾಕೆ ಬಿಟ್ಟಿರಿ?"

ಕಾಕಾ ಬಾಯಿ ತೆರೆದರು, ಮುಚ್ಚಿದರು. ಆಮೇಲೆ, "ನಿಮ್ಮವರು?" ಎಂದು ಮೆಲ್ಲಗೆ ಕೇಳಿದರು. ಈಗ ಘೋಷ್ ಬಾಬು ಬಾಯಿ ತೆರೆದರು, ಮುಚ್ಚಿದರು. ಇಬ್ಬರೂ ಒಟ್ಟಿಗೇ ರೊಟ್ಟಿಗೆ ಕೈ ಹಾಕಿದರು!

ಒಂದು ಮಳೆಗಾಲದ ಬೆಳಗ್ಗೆ ಘೋಷ್ ಬಾಬು ಬಜಾರಿನಿಂದ ಮೀನು ಹಿಡಿದು ಬರುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯವರು ಆಪರೇಷನ್ ಮಾಡಿ, ಇನ್ನು ಮನೆಗೆ ಕರೆದೊಯ್ಯಿರಿ, ಮೆಟ್ಟಿಲು ಹತ್ತುವುದನ್ನು ಮರೆತುಬಿಡಿ ಎಂದರು. ಮನೆ ಮೇಲೆ, ಮೆಟ್ಟಿಲು ಇಷ್ಟೆತ್ತರ, ಹತ್ತಿರದ ನೆಂಟರು ಯಾರೂ ಇಲ್ಲ. ಏನು ಮಾಡುವುದು?

ಕಾಕಾ ತುಂಬ ಹೊತ್ತು ಯೋಚಿಸಿ, ಕಾಗದ ಹರಿದು ಚೀಟಿ ಮಾಡಲು ಕೂತರು. ಅಡುಗೆಮನೆಯಿಂದ ಬಂದ ಕಾಕು ಅದನ್ನು ನೋಡಿದವಳೇ ಕಾಗದವನ್ನು ಕಿತ್ತು ಮುದ್ದೆ ಮಾಡಿದಳು. "ಇದಕ್ಕೂ ಚೀಟಿ ಬೇಕೇನ್ರಿ ನಿಮಗ? ಹಾಸಗಿ ಹಾಸ್ರಿ ಸುಮ್ನ!"

ಹಾಸಿದರು. ಯಾರ ಹಾಸಿಗೆ? ನನ್ನದು! ಹೊರಕೋಣೆ, ಅದರ ಮಂಚ, ಕಿಟಕಿ, ಫ್ಯಾನು ಎಲ್ಲವೂ ನಾಸ್ತಿಕರ ಪಾಲಾಗಿ, ನಾನು ಅಡುಗೆಮನೆಯ ಪಕ್ಕದ ಓಣಿಯಂಥ ಜಾಗಕ್ಕೆ ವರ್ಗವಾದೆ. "ಆದಿಸಭೆಯಾಗ…" ಎಂದು ಕಾಕಾ ಶುರು ಮಾಡಿದರು. "ಗೊತ್ತೈತಿ ಕಾಕಾ," ಎಂದು ನಾನೇ ದಿಂಬು ಎತ್ತಿಕೊಂಡೆ.

ಸುದ್ದಿ ಹಬ್ಬಿತು. ಪಾದ್ರಿಗಳು ಬಂದು, ಚಹಾ ಕುಡಿದು, ಕಾಕಾನನ್ನು ಪಕ್ಕಕ್ಕೆ ಕರೆದು, "ಒಳ್ಳೆಯ ಕೆಲಸ, ಸಂದೇಹವಿಲ್ಲ. ಆದರೆ ಅವರು ವಿಶ್ವಾಸಿಯಲ್ಲವಲ್ಲ?" ಎಂದು ಪಿಸುಗುಟ್ಟಿದರು. ಅದೇ ವಾರ ಪಕ್ಷದ ಕಚೇರಿಯವರು ಬಂದು, ಅದೇ ಕಪ್ಪಿನಲ್ಲಿ ಚಹಾ ಕುಡಿದು, ಘೋಷ್ ಬಾಬುವಿನ ಕಿವಿಯಲ್ಲಿ, "ಒಳ್ಳೆಯ ಜನ, ಸಂದೇಹವಿಲ್ಲ. ಆದರೆ ಕಾಮ್ರೇಡ್, ಗೋಡೆಯ ಮೇಲೆ ಶಿಲುಬೆ ಇದೆಯಲ್ಲ?" ಎಂದು ಪಿಸುಗುಟ್ಟಿದರು. ಅವರೆಲ್ಲ ಹೋದ ಮೇಲೆ ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ವರದಿ ಒಪ್ಪಿಸಿ ನಕ್ಕದ್ದೇ ನಕ್ಕದ್ದು. ನಗುವಾಗ ಘೋಷ್ ಬಾಬುವಿಗೆ ಸೊಂಟ ನೋಯುತ್ತಿತ್ತು. "ನಗಿಸಬೇಡಿ ದಾದಾ" ಎಂದು ಬೈದು ಮತ್ತೆ ನಗುತ್ತಿದ್ದರು.

ದಿನಾ ಬೆಳಗ್ಗೆ ಕಾಕಾ ಘೋಷ್ ಬಾಬುವಿನ ಮುಖ ಒರೆಸಿ, ಗಡ್ಡ ಕೆರೆದು, ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕುತ್ತಲೇ ವಾದ. "ನೋವು ಕೊಟ್ಟವನು ನಿಮ್ಮ ದೇವರೇ ತಾನೆ?" ಎಂದು ಮೇಲಿನಿಂದ ಪ್ರಶ್ನೆ. "ಎಣ್ಣೆ ತಿಕ್ಕಲು ನನ್ನನ್ನು ಕಳಿಸಿದವನೂ ಅವನೇ" ಎಂದು ಕೆಳಗಿನಿಂದ ಉತ್ತರ. "ಹಾಗಾದರೆ ಸ್ವಲ್ಪ ಜೋರಾಗಿ ತಿಕ್ಕಲು ಹೇಳಿ ನಿಮ್ಮ ದೇವರಿಗೆ!" ನಾನು ಹಲ್ಲುಜ್ಜುತ್ತ ನಿಂತು ಕೇಳುತ್ತಿದ್ದೆ. ಎಷ್ಟೋ ಸಲ ಹೊರಗೆ ಸುಮೋ ಹಾರ್ನ್ ಹೊಡೆದು ಹೊಡೆದು ಹೋಗಿಬಿಟ್ಟದ್ದೂ ಉಂಟು.

ಚಳಿಗಾಲ ಬಂದಾಗ ಘೋಷ್ ಬಾಬುವಿಗೆ ಎದೆಯ ಕಫ ಹೆಚ್ಚಾಯಿತು. ದನಿ ಸಣ್ಣಗಾಯಿತು. ಡಾಕ್ಟರು ಬಂದುಹೋಗುವಾಗ ಬಾಗಿಲಲ್ಲಿ ನಿಂತು ಕಾಕಾನ ಭುಜ ತಟ್ಟಿದರು. ಒಂದು ಭಾನುವಾರ ಮಧ್ಯಾಹ್ನ ಘೋಷ್ ಬಾಬು ಕಾಕಾನನ್ನು ಹತ್ತಿರ ಕರೆದರು. ನಾನೂ ಅಲ್ಲೇ ಇದ್ದೆ.

"ದಾದಾ, ಒಂದು ಮಾತು ಕೊಡಿ. ನಾನು ಹೋದ ಮೇಲೆ ನನಗಾಗಿ ಪ್ರಾರ್ಥನೆ ಮಾಡಬಾರದು."

ಕಾಕಾ ಬೆಚ್ಚಿದರು. "ಯಾಕೆ?"

"ಈಗ ಎಷ್ಟು ಬೇಕಾದರೂ ಮಾಡಿಕೊಳ್ಳಿ. ನಾನು ಎದುರು ಮಾತಾಡಬಲ್ಲೆ. ಸತ್ತ ಮೇಲೆ ನನಗೆ ಉತ್ತರ ಕೊಡಲು ಆಗುವುದಿಲ್ಲ. ಎದುರಾಳಿಯ ಬಾಯಿ ಕಟ್ಟಿದಾಗ ವಾದ ಗೆಲ್ಲುವುದು ನ್ಯಾಯವಲ್ಲ, ದಾದಾ."

ಕಾಕಾ ಚಪ್ಪಲಿ ಮೆಟ್ಟಿ ಹೊಳೆಯ ಕಡೆ ಹೊರಟುಹೋದರು. "ಉಪವಾಸ ಇರು ಅಂದ್ರ ಇರ್ತಾರ, ಉಟ್ಟ ಧೋತರ ಬಿಚ್ಚಿ ಕೊಡು ಅಂದ್ರ ಕೊಡ್ತಾರ," ಎಂದು ಕಾಕು ಬಾಗಿಲಲ್ಲಿ ನಿಂತು ನೋಡುತ್ತ ಅಂದಳು. "ಆದ್ರ ಪ್ರಾರ್ಥನೆ ಮಾಡಬ್ಯಾಡ ಅಂದ್ರ ಈ ಮನಶಾ ಹೆಂಗ ಬದುಕೂದು ತಮ್ಮಾ?" ಮೊದಲ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಹೊತ್ತು ಇಳಿಯುವಾಗ ಕಾಕಾ ವಾಪಸು ಬಂದರು. ಕಣ್ಣು ಕೆಂಪಾಗಿದ್ದವು. ಮಂಚದ ಬಳಿ ಕೂತು, ಘೋಷ್ ಬಾಬುವಿನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, "ಕೊಟ್ಟೆ," ಅಂದರು. ಅಷ್ಟೇ. ನಮ್ಮ ಕಾಕಾನ ಬಾಯಿಂದ ಅಷ್ಟು ಚಿಕ್ಕ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಉಳಿದ ದಿನಗಳಲ್ಲಿ ಕಾಕಾ ಬದುಕಿರುವ ಘೋಷ್ ಬಾಬುವಿಗಾಗಿ ಎಂಥೆಂಥ ಪ್ರಾರ್ಥನೆ ಮಾಡಿದರು ಅಂತೀರಿ! ಮುಂದಿನದ್ದನ್ನೆಲ್ಲ ಈಗಲೇ ಸಾಗಿಸಿಬಿಡಬೇಕು ಎಂಬಂತೆ ಒಂದರ ಹಿಂದೆ ಒಂದು. "ಸಾಕು ದಾದಾ, ಲೈನ್ ಜಾಮ್ ಆಗುತ್ತದೆ" ಎಂದು ಘೋಷ್ ಬಾಬು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಒಂದು ಬೆಳಗ್ಗೆ ಕಾಕಾ ಬಿಸಿನೀರಿನ ಬೋಗುಣಿ ಹಿಡಿದು ಹೋದಾಗ ಅವರು ಹೋಗಿಬಿಟ್ಟಿದ್ದರು.

ಪಕ್ಷದವರು ಬಂದರು. ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೆಂದು ಘೋಷ್ ಬಾಬು ಎಂದೋ ಬರೆದಿಟ್ಟಿದ್ದರಂತೆ. ಹಾಗಾಗಿ ಚಿತೆಯಿಲ್ಲ, ಮಂತ್ರವಿಲ್ಲ. ಕೆಂಪು ಬಾವುಟ ಹೊದಿಸಿ, ರಜನಿಗಂಧದ ಹಾರ ಹಾಕಿ, ಮುಷ್ಟಿ ಎತ್ತಿ ವಂದಿಸಿದರು. ಓಣಿಯ ಮಕ್ಕಳೆಲ್ಲ ಸಾಲಾಗಿ ನಿಂತವು. ಪಾದ್ರಿಗಳೂ ಬಂದು ಒಂದು ಪಕ್ಕದಲ್ಲಿ ನಿಂತು, ಕಾಕಾನ ಕಡೆ ನೋಡಿದರು. ಈಗ ಶುರುವಾಗುತ್ತದೆ ಎಂದು ನಾವೆಲ್ಲ ಕಾದೆವು. ಕಾಕಾ ತುಟಿಯನ್ನು ಬಿಗಿಯಾಗಿ ಕಚ್ಚಿ ಹಿಡಿದರು. ವ್ಯಾನು ತಿರುವಿನಲ್ಲಿ ಕಾಣದಾಗುವವರೆಗೆ ನಿಂತಿದ್ದು, ಒಳಗೆ ಬಂದು, ಖಾಲಿ ಮಂಚದ ಮೇಲೆ ಕೂತರು.

ಕಾಕು ಚಹಾ ತಂದಿಟ್ಟಳು. ಅವರು ಮುಟ್ಟಲಿಲ್ಲ. ಸಣ್ಣ ಮಗು ಕೇಳುವ ಹಾಗೆ, "ನಾ ಮಾತು ಕೊಟ್ಟೀನಿ" ಅಂದರು.

"ಗೊತ್ತೈತ್ರಿ."

"ನೀ ಕೊಟ್ಟಿಲ್ಲ."

ಕಾಕು ಗಂಡನ ಮುಖವನ್ನೇ ನೋಡಿದಳು. ಆಮೇಲೆ ಕೈ ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದು, ನೆಲದ ಮೇಲೆ ಮೊಣಕಾಲೂರಿದಳು. ಗಂಡನ ಗದ್ದಲದಲ್ಲಿ ಅವಳು ಬಾಯಿಬಿಟ್ಟು ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಯಪ್ಪಾ ದೇವ್ರೇ," ಅಂದಳು, "ಒಬ್ಬ ಹಿರಿ ಮನಶಾ ನಿನ್ನ ಕಡೆ ಬರಾಕತ್ತಾನ. ಕಾಲು ನೋಯ್ತೈತಿ ಅವಗ, ನಡಸಬ್ಯಾಡ. ಬಂದ ಕೂಡ್ಲೆ ನೀ ಇಲ್ಲ ಅಂತ ನಿನ್ನ ಮುಂದ ವಾದ ಹೂಡ್ತಾನ. ಸಿಟ್ಟಿಗೇಳಬ್ಯಾಡಪಾ. ಕುಂತು ಕೇಳು. ಭಾಳ ಛಲೋ ಮಾತಾಡ್ತಾನ."

ಕಾಕಾ ಆಮೆನ್ ಕೂಡ ಅನ್ನಲಿಲ್ಲ. ಮಾತು ಕೊಟ್ಟಿದ್ದರಲ್ಲ! ನನ್ನ ಕಡೆ ನೋಡಿದರು.

ನಾನು ಅಂದೆ.